ಜೀವಂತ ಎರೆಮೀನು ಹಿಡಿಯುವ ಗಾಳ ಮತ್ತು ಕೂಳಿ: ತರೀಕೆರೆ, ಕಡೂರು ಮತ್ತು ಅಜ್ಜಂಪುರ ತಾಲ್ಲೂಕುಗಳ ಸಾರ್ವಜನಿಕರಿಗೆ ಮಾಹಿತಿ

ಕೊರವ, ಬಾಳೆ ಮುಂತಾಗಿ ಸಣ್ಣ ಮೀನುಗಳನ್ನು ತಿಂದು ಬದುಕುವ ಜಾತಿಗಳನ್ನು ಗಾಳದಿಂದ ಹಿಡಿಯುವವರು ಪಕ್ಕೆ ಮೊದಲಾದ ಸಣ್ಣ ಮೀನುಗಳನ್ನು ಜೀವಂತ ಎರೆಯಾಗಿ ಬಳಸುವುದು ಈ ಭಾಗದಲ್ಲಿ ಹಿಂದಿನಿಂದಲೂ ರೂಢಿಯಲ್ಲಿದೆ. ಎರೆಮೀನು ಹಿಡಿಯುವ ಸಾಧನವು ದುರ್ಬಲವಾಗಿದ್ದಲ್ಲಿ ದಾರ ಕಡಿದು ಕೊಕ್ಕೆ ಮತ್ತು ಸೀಸ ನೀರಿನಲ್ಲಿಯೇ ಉಳಿಯುತ್ತವೆ. ಸ್ಥಳದ ಆಯ್ಕೆ ತಪ್ಪಾದಲ್ಲಿ ಕಾನೂನು ಕ್ರಮ ಎದುರಿಸಬೇಕಾಗುತ್ತದೆ. ಆದುದರಿಂದ ಸಾಧನಕ್ಕಿಂತ ಮೊದಲು ಸ್ಥಳದ ವಿಚಾರವನ್ನು ತಿಳಿದುಕೊಳ್ಳುವುದು ಸೂಕ್ತ.

ಎಲ್ಲಿ ಹಿಡಿಯಬಹುದು, ಎಲ್ಲಿ ಕೂಡದು

ತರೀಕೆರೆ ತಾಲ್ಲೂಕಿನ ಲಕ್ಕವಳ್ಳಿಯಲ್ಲಿರುವ ಭದ್ರಾ ಜಲಾಶಯದ ಹಿನ್ನೀರಿನ ಅಂಚಿನ ಬಹುಭಾಗವು ಭದ್ರಾ ವನ್ಯಜೀವಿ ಧಾಮಕ್ಕೆ ಹೊಂದಿಕೊಂಡಿದೆ. ಈ ಧಾಮವು 1998ರಿಂದ ಹುಲಿ ಯೋಜನೆಯ ವ್ಯಾಪ್ತಿಗೆ ಒಳಪಟ್ಟಿದೆ. ಧಾಮದ ಒಳಗೆ ಅನುಮತಿಯಿಲ್ಲದೆ ಪ್ರವೇಶಿಸುವುದು ಮತ್ತು ಯಾವುದೇ ಗಾತ್ರದ ಮೀನನ್ನು ಹಿಡಿಯುವುದು ವನ್ಯಜೀವಿ (ಸಂರಕ್ಷಣೆ) ಅಧಿನಿಯಮ, 1972ರಡಿ ಅಪರಾಧವಾಗುತ್ತದೆ. ಎರಡು ಅಂಗುಲದ ಪಕ್ಕೆಯೂ ಇದಕ್ಕೆ ಹೊರತಲ್ಲ. ಗಡಿಯ ಬಗ್ಗೆ ಸಂಶಯವಿದ್ದಲ್ಲಿ ಗಾಳ ಹಾಕುವ ಮೊದಲೇ ಸ್ಥಳೀಯ ಅರಣ್ಯ ಕಛೇರಿಯಲ್ಲಿ ವಿಚಾರಿಸತಕ್ಕದ್ದು.

ಅಯ್ಯನಕೆರೆ, ಮದಗದ ಕೆರೆಯಂಥ ದೊಡ್ಡ ಕೆರೆಗಳಲ್ಲಿಯೂ, ಗ್ರಾಮಗಳ ಸಣ್ಣ ಕೆರೆಗಳಲ್ಲಿಯೂ ಮೀನು ಹಿಡಿಯುವ ಹಕ್ಕನ್ನು ಗುತ್ತಿಗೆಗೆ ನೀಡಿದ್ದಲ್ಲಿ ಗುತ್ತಿಗೆ ಅವಧಿಯಲ್ಲಿ ಆ ಹಕ್ಕು ಗುತ್ತಿಗೆದಾರರಿಗೆ ಅಥವಾ ಮೀನುಗಾರರ ಸಹಕಾರ ಸಂಘಕ್ಕೆ ಸೇರಿರುತ್ತದೆ. ‘ಎರೆಗಾಗಿ ನಾಲ್ಕು ಮೀನು ತಾನೆ’ ಎಂಬ ಸಮಜಾಯಿಷಿ ಇಲ್ಲಿ ನಡೆಯದು. ಹಣ ತೆತ್ತು ಬಿತ್ತನೆ ಮಾಡಿದ ಮರಿಗಳೂ ಅದೇ ಗಾಳಕ್ಕೆ ಬೀಳುತ್ತವೆ ಎಂಬುದನ್ನು ಗಮನಿಸಬೇಕು.

ಪಕ್ಕೆಯೋ, ಬಿತ್ತನೆ ಮರಿಯೋ

ಬಾಲದ ಬುಡದಲ್ಲಿ ಕಪ್ಪು ಚುಕ್ಕೆಯಿದ್ದರೆ ಅದು ಪಕ್ಕೆಯೇ ಎಂದು ಅನೇಕರು ಭಾವಿಸುತ್ತಾರೆ. ಈ ಗುರುತನ್ನು ನಂಬಲಾಗದು. ರೋಹು ಮತ್ತು ಮೃಗಾಲ್ ಮರಿಗಳಿಗೂ ಎಳೆಯ ಹಂತದಲ್ಲಿ ಅದೇ ಸ್ಥಳದಲ್ಲಿ ಕಪ್ಪು ಗುರುತು ಇರುತ್ತದೆ. ಕಾಟ್ಲಾ ಮರಿಗೆ ಇರುವುದಿಲ್ಲ. ಅದನ್ನು ದೊಡ್ಡ ತಲೆ ಹಾಗೂ ಮೇಲಕ್ಕೆ ತೆರೆದ ಬಾಯಿಯಿಂದ ಗುರುತಿಸಬಹುದು. ಹೆಚ್ಚು ಭರವಸೆಯ ಗುರುತೆಂದರೆ ಬೆನ್ನಿನ ರೆಕ್ಕೆ. ಪಕ್ಕೆಯಲ್ಲಿ ಅದರ ಬುಡ ಗಿಡ್ಡವಾಗಿದ್ದು, ರೋಹು ಮತ್ತು ಕಾಟ್ಲಾ ಮರಿಗಳಲ್ಲಿ ಬೆನ್ನಿನುದ್ದಕ್ಕೂ ಹೆಚ್ಚು ಚಾಚಿಕೊಂಡಿರುತ್ತದೆ. ಸಂಶಯ ಬಂದ ಮರಿಯನ್ನು ಒದ್ದೆ ಕೈಯಿಂದ ಬಿಡಿಸಿ ಕೂಡಲೇ ನೀರಿಗೆ ಬಿಡತಕ್ಕದ್ದು. ಒಣ ಕೈಯಿಂದ ಹಿಡಿದಲ್ಲಿ ಮೈಮೇಲಿನ ಲೋಳೆ ಹೋಗಿ ಮೀನಿಗೆ ರೋಗ ತಗಲುವ ಸಂಭವವಿರುತ್ತದೆ.

ಗಾಳದ ಸರ ತಯಾರಿಸುವ ವಿಧಾನ

ಕೊಕ್ಕೆಗಳ ಸಂಖ್ಯೆ ಹೆಚ್ಚಿದಂತೆ ಗಾತ್ರ ಚಿಕ್ಕದಾಗುತ್ತದೆ. ಎರಡು ಮೂರು ಅಂಗುಲದ ಪಕ್ಕೆಗೆ 14ರಿಂದ 18ರವರೆಗಿನ ಸಂಖ್ಯೆಯ ಕೊಕ್ಕೆ ಸಾಕು. ಅಂಗಡಿಗಳಲ್ಲಿ ದೊರೆಯುವ ಅತಿ ತೆಳು ತಂತಿಯ ಅಗ್ಗದ ಕೊಕ್ಕೆಗಳು ಒಂದೆರಡು ಬಾರಿ ಕಲ್ಲಿಗೆ ತಾಗಿದರೆ ನೆಟ್ಟಗಾಗುತ್ತವೆ. ಬೆರಳಿನಿಂದ ಮೃದುವಾಗಿ ಒತ್ತಿ ನೋಡಿ, ಬಾಗಿದ್ದು ಮೊದಲಿನ ಆಕಾರಕ್ಕೆ ಬರದಿದ್ದರೆ ಅಂಥ ಕೊಕ್ಕೆಯನ್ನು ಕೊಳ್ಳದಿರುವುದೇ ಲಾಭ. ಕೊಕ್ಕೆಯ ಮುಳ್ಳನ್ನು ಇಕ್ಕಳದಿಂದ ಒತ್ತಿ ಮಟ್ಟ ಮಾಡಿದಲ್ಲಿ ಎರೆಮೀನಿನ ಬಾಯಿ ಹರಿಯುವುದಿಲ್ಲ, ಅದು ಹೆಚ್ಚು ಹೊತ್ತು ಬದುಕುತ್ತದೆ.

ಮುಖ್ಯ ದಾರಕ್ಕೆ 0.25ರಿಂದ 0.30 ಮಿ.ಮೀ. ದಪ್ಪದ ನೈಲಾನ್ ದಾರವನ್ನು, ಕವಲು ದಾರಕ್ಕೆ 0.16ರಿಂದ 0.18 ಮಿ.ಮೀ. ದಪ್ಪದ್ದನ್ನು ಬಳಸಬಹುದು. ಕವಲು ತೆಳ್ಳಗಿರಬೇಕಾದುದಕ್ಕೆ ಕಾರಣವಿದೆ: ಕೊಕ್ಕೆ ಬೇರಿಗೆ ಸಿಕ್ಕಿಕೊಂಡಾಗ ಕವಲೊಂದೇ ಕಡಿದು ಉಳಿದ ಸರ ಕೈಗೆ ಬರುತ್ತದೆ. ಕವಲಿನ ಉದ್ದ ನಾಲ್ಕೈದು ಅಂಗುಲ, ಕವಲುಗಳ ನಡುವಣ ಅಂತರ ಕನಿಷ್ಠ ಹತ್ತು ಅಂಗುಲ ಇರತಕ್ಕದ್ದು. ಅಂತರ ಕಡಿಮೆಯಾದಲ್ಲಿ ಒಂದರ ಕೊಕ್ಕೆ ಮತ್ತೊಂದರ ದಾರವನ್ನು ಸುತ್ತಿಕೊಳ್ಳುತ್ತದೆ. ಒಂದು ಸರಕ್ಕೆ ಮೂರು ಕೊಕ್ಕೆಗಳು ಸಾಕು. ಆರು ಕೊಕ್ಕೆ ಕಟ್ಟಿದವರು ಹಿಡಿಯುವ ಸಮಯಕ್ಕಿಂತ ಬಿಡಿಸುವ ಸಮಯವನ್ನೇ ಹೆಚ್ಚು ಕಳೆಯುತ್ತಾರೆ.

ಕೊಕ್ಕೆ ಕಟ್ಟುವಾಗ ದಾರವನ್ನು ಐದಾರು ಸುತ್ತು ಸುತ್ತಿ, ಎಂಜಲಿನಿಂದಾಗಲೀ ನೀರಿನಿಂದಾಗಲೀ ತೇವ ಮಾಡಿ ನಿಧಾನವಾಗಿ ಬಿಗಿಯಬೇಕು. ಒಣ ದಾರವನ್ನು ಒಮ್ಮೆಲೇ ಎಳೆದರೆ ಉಜ್ಜುವಿಕೆಯ ಬಿಸಿಗೆ ಗಂಟಿನ ಜಾಗದಲ್ಲಿ ಬಲ ಕುಂದುತ್ತದೆ. ಹೆಚ್ಚಿನ ಸರಗಳು ಕಡಿಯುವುದು ಇಲ್ಲಿಯೇ. ಸೀಸವನ್ನು ತುದಿಯಲ್ಲಿ ಕಟ್ಟಿ, ನೀರು ನಿಂತಿರುವ ಕೆರೆಯಲ್ಲಿ ಸಣ್ಣ ಬೆಂಡನ್ನು ಸೇರಿಸಬಹುದು. ಎರೆಹುಳುವಿನ ಸಣ್ಣ ತುಂಡು ಅಥವಾ ಕಲಸಿದ ಹಿಟ್ಟು ಸಾಕಾಗುತ್ತದೆ.

ಕೂಳಿ

ಹರಿಯುವ ತೋಡಿನಲ್ಲಿ ಬಿದಿರಿನ ಕೂಳಿ (ಕೆಲವೆಡೆ ಕೂಣಿ) ಬಳಸಬಹುದು. ಒಳಮುಖವಾಗಿ ಚೂಪಾದ ಸಿಬಿರುಗಳಿರುವುದರಿಂದ ಒಳಬಂದ ಮೀನು ಹಿಂದಿರುಗಲಾರದು. ಬಲಿತ ಬಿದಿರನ್ನು ಕಡಿದು, ಕೆಲವು ದಿನ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿದಲ್ಲಿ ಹುಳು ಹಿಡಿಯುವುದು ಕಡಿಮೆ. ಒಲೆಯ ಮೇಲಣ ಅಟ್ಟದಲ್ಲಿ ಹೊಗೆ ತಾಗಿದ ಕೂಳಿ ಇನ್ನೂ ಹೆಚ್ಚು ಬಾಳುತ್ತದೆ. ಇಟ್ಟ ಕೂಳಿಯನ್ನು ಬೆಳಿಗ್ಗೆ ಮತ್ತು ಸಂಜೆ ತಪ್ಪದೆ ನೋಡಬೇಕು. ಮರೆತುಬಿಟ್ಟ ಕೂಳಿಯಲ್ಲಿ ಹಾವು, ಆಮೆ, ಕಪ್ಪೆಗಳು ಸಾಯುತ್ತವೆ. ಕಡಿದ ನೈಲಾನ್ ದಾರವನ್ನು ದಡದಲ್ಲಿ ಬಿಸಾಡಕೂಡದು. ನೀರುನಾಯಿ ಮತ್ತು ನೀರುಹಕ್ಕಿಗಳು ಅದಕ್ಕೆ ಸಿಕ್ಕಿಕೊಳ್ಳುತ್ತವೆ.

ಮುಂಗಾರಿನ ಮೊದಲ ಮಳೆಗೆ ಮೀನುಗಳು ಮೊಟ್ಟೆಯಿಡಲು ಹೊಳೆಯಿಂದ ತೋಡು, ಗದ್ದೆಗಳಿಗೆ ಹತ್ತುತ್ತವೆ. ಆ ದಿನಗಳಲ್ಲಿ ಕೂಳಿ ಇಡುವುದರಿಂದ ಮುಂದಿನ ವರ್ಷದ ಮೀನೇ ಕಡಿಮೆಯಾಗುತ್ತದೆ. ಭದ್ರಾ ಅಣೆಕಟ್ಟೆಯ ಕೆಳಭಾಗದಲ್ಲಿ, ಜಲಾಶಯವು ಪೂರ್ಣ ಮಟ್ಟವಾದ 186 ಅಡಿಯನ್ನು ಸಮೀಪಿಸಿದಾಗ, ಗೇಟು ತೆರೆದರೆ ನೀರು ಅಲ್ಪ ಸಮಯದಲ್ಲಿ ಏರುತ್ತದೆ. ಅಂಥ ದಿನಗಳಲ್ಲಿ ನದಿಯ ಪಾತ್ರಕ್ಕೆ ಇಳಿಯಕೂಡದು.

ಉಳಿದ ಎರೆಮೀನು

ಎರೆಮೀನುಗಳನ್ನು ಅಗಲ ಬಾಯಿಯ ಪಾತ್ರೆಯಲ್ಲಿ, ನೆರಳಿನಲ್ಲಿಟ್ಟು ಆಗಾಗ್ಗೆ ನೀರು ಬದಲಿಸತಕ್ಕದ್ದು. ಉಳಿದ ಮೀನನ್ನು ಬೇರೆ ಕೆರೆಗೆ ಸುರಿಯುವುದು ಅತ್ಯಂತ ಅಪಾಯಕಾರಿ. ಜಿಲೇಬಿ ಮೀನು ಒಮ್ಮೆ ಕೆರೆ ಸೇರಿದರೆ ಬೇಗ ಬೇಗ ಮರಿ ಮಾಡಿ ಹಬ್ಬುತ್ತದೆ, ಅದನ್ನು ನಿರ್ಮೂಲ ಮಾಡುವುದು ಕಷ್ಟ. ಆಫ್ರಿಕನ್ ಕ್ಯಾಟ್‌ಫಿಶ್ ಸಾಕಣೆಗೆ ನಿಷೇಧವಿದೆ. ಹಿಡಿದ ನೀರಿಗೇ ಬಿಡಬೇಕು, ಇಲ್ಲವೇ ಮನೆಗೆ ಒಯ್ಯಬೇಕು.

ಅನುಮತಿ ಕೋರುವ ಬಗ್ಗೆ

ಒಳನಾಡು ಮೀನುಗಾರಿಕೆಯು ಕರ್ನಾಟಕ ಒಳನಾಡು ಮೀನುಗಾರಿಕೆ (ಸಂರಕ್ಷಣೆ, ಅಭಿವೃದ್ಧಿ ಮತ್ತು ನಿಯಂತ್ರಣ) ಅಧಿನಿಯಮ, 1996ಕ್ಕೆ ಒಳಪಟ್ಟಿರುತ್ತದೆ. ಸಿಡಿಮದ್ದು ಅಥವಾ ವಿಷ ಬಳಸಿ ಮೀನು ಹಿಡಿಯುವುದು ನಿಷಿದ್ಧ. ಪರವಾನಗಿ, ಕೆರೆಯ ಗುತ್ತಿಗೆ ಸ್ಥಿತಿ ಮತ್ತು ಆ ವರ್ಷದ ಮಳೆಗಾಲದ ನಿರ್ಬಂಧಗಳನ್ನು ತಾಲ್ಲೂಕು ಮೀನುಗಾರಿಕೆ ಸಹಾಯಕ ನಿರ್ದೇಶಕರ ಕಛೇರಿಯಲ್ಲಿ ವಿಚಾರಿಸಬಹುದು. ಅರ್ಜಿಯಲ್ಲಿ ಕೆರೆ ಅಥವಾ ನದಿ ಭಾಗದ ಹೆಸರು, ಗ್ರಾಮ ಮತ್ತು ಬಳಸುವ ಸಾಧನದ ವಿವರವನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ‘ಗಾಳ’ ಎಂದಷ್ಟೇ ಬರೆದು ಕೂಳಿ ಬಳಸುವವರು ಮುಂದೆ ತೊಂದರೆಗೆ ಒಳಗಾಗಬಹುದು.