ರೇಡ್: ಕೆಟ್ಟ ಡಿಸ್ಕಿನ ಲೆಕ್ಕ ಉಳಿದವು ಹೇಳುವ ಕಥೆ

ನಮ್ಮ ಹೈದರಾಬಾದಿನಲ್ಲಿ ‘ರೇಡ್’ ಅಂದ್ರೆ ಜನಕ್ಕೆ ಮೊದಲು ನೆನಪಾಗೋದು ಇನ್‌ಕಮ್ ಟ್ಯಾಕ್ಸ್‌ನವರು. ನಾನೀಗ ಬರೆಯಹೊರಟಿರೋ ರೇಡ್ ಅದಲ್ಲ. ನಾಲ್ಕೈದು ಹಾರ್ಡ್ ಡಿಸ್ಕುಗಳನ್ನು ಒಟ್ಟಿಗೆ ಕಟ್ಟಿ, ಅವುಗಳಲ್ಲಿ ಒಂದು ಕೆಟ್ಟರೂ ಒಳಗಿದ್ದದ್ದು ಕಳೆದುಹೋಗದ ಹಾಗೆ ನೋಡಿಕೊಳ್ಳೋ ಏರ್ಪಾಟಿಗೂ ಅದೇ ಹೆಸರು. ಒಂದು ಕಾಲಕ್ಕೆ ದೊಡ್ಡ ಬ್ಯಾಂಕುಗಳಲ್ಲಿ ಮಾತ್ರ ಇದ್ದ ಈ ವಿದ್ಯೆ ಈಗ ಹಿಮಾಯತ್‌ನಗರದ ಎರಡು ಬೆಡ್‌ರೂಮಿನ ಫ್ಲ್ಯಾಟಿನಲ್ಲಿ ಟಿವಿ ಸ್ಟ್ಯಾಂಡಿನ ಕೆಳಗೆ ಕೂತು ಗುಂಯ್ ಅನ್ನುತ್ತಿರುತ್ತೆ. ಮದುವೆ ಫೋಟೋ, ಮಕ್ಕಳ ವಿಡಿಯೋ, ಊರಿನ ಜಮೀನಿನ ಪಹಣಿ ಸ್ಕ್ಯಾನು, ಎಲ್ಲಾ ಅದರಲ್ಲೇ. ಅದು ಇಲ್ಲಿಗೆ ಹೇಗೆ ಬಂತು, ಕೆಟ್ಟಾಗ ಹೇಗೆ ಎದ್ದು ಕೂರುತ್ತೆ, ಯಾವುದನ್ನು ಅದು ಕಾಪಾಡಲಾರದು ಅನ್ನೋದು ಗೊತ್ತಿದ್ದರೆ ಒಳ್ಳೆಯದು. ಊರು ಬಿಟ್ಟು ಬಂದ ನಮ್ಮಂಥವರಿಗಂತೂ ಊರಿನ ಅರ್ಧ ಭಾಗ ಈಗ ಡಿಸ್ಕಿನಲ್ಲೇ ಇದೆ.

ಕಥೆ ಶುರುವಾಗೋದು 1947ರಲ್ಲಿ, ಅಮೆರಿಕದ ಬೆಲ್ ಲ್ಯಾಬ್ಸ್‌ನಲ್ಲಿ. ರಿಚರ್ಡ್ ಹ್ಯಾಮಿಂಗ್ ಅನ್ನೋ ಗಣಿತಜ್ಞ ಶುಕ್ರವಾರ ಸಂಜೆ ತನ್ನ ಲೆಕ್ಕವನ್ನು ರಿಲೇ ಕಂಪ್ಯೂಟರಿಗೆ ಕೊಟ್ಟು ಮನೆಗೆ ಹೋಗುತ್ತಿದ್ದ. ಶನಿವಾರ ಭಾನುವಾರ ಯಂತ್ರದ ಹತ್ತಿರ ಯಾರೂ ಇರುತ್ತಿರಲಿಲ್ಲ. ಎಲ್ಲೋ ಒಂದು ತಪ್ಪು ಕಂಡರೆ ಯಂತ್ರ ಆ ಲೆಕ್ಕವನ್ನು ಅಲ್ಲಿಗೇ ಬಿಟ್ಟು ಮುಂದಿನದಕ್ಕೆ ಹೋಗೋದು. ಎರಡು ವಾರ ಹೀಗೇ ಆಯಿತು. ತಪ್ಪಾಗಿದೆ ಅಂತ ಗೊತ್ತು ಮಾಡಿಕೊಳ್ಳೋ ಯಂತ್ರಕ್ಕೆ ಅದು ಎಲ್ಲಿ ಆಗಿದೆ ಅಂತ ಯಾಕೆ ಗೊತ್ತಾಗಬಾರದು, ತಾನೇ ಯಾಕೆ ತಿದ್ದಿಕೊಳ್ಳಬಾರದು ಅಂತ ರೇಗಿ ಕೂತು ಲೆಕ್ಕ ಹಾಕಿದ. 1950ರಲ್ಲಿ ಪ್ರಕಟವಾದ ಅವನ ಲೇಖನದಿಂದಲೇ ತಪ್ಪು ತಿದ್ದುವ ಸಂಕೇತಗಳ ಶಾಸ್ತ್ರ ಬೆಳೆಯಿತು.

ಆ ಶಾಸ್ತ್ರದಲ್ಲಿ ರೇಡ್‌ಗೆ ಬೇಕಾದ ಭಾಗ ಬಹಳ ಸರಳ. ಮೂವರು ಅಣ್ಣತಮ್ಮಂದಿರ ಮನೆಯಲ್ಲಿ ಜೋಳದ ಚೀಲ 12, 9, 15 ಇವೆ ಅಂತಿಟ್ಟುಕೊಳ್ಳಿ. ಒಟ್ಟು 36 ಅಂತ ನಾಲ್ಕನೇ ಕಡೆ ಬರೆದಿಟ್ಟಿದ್ದೀರಿ. ನಡುವಿನವನ ಚೀಟಿ ಇಲಿ ತಿಂದಿತು ಅನ್ನಿ. 36ರಲ್ಲಿ 12 ಕಳೆದು 15 ಕಳೆದರೆ 9 ಬಂತು, ಮುಗೀತು. ಈ ನಾಲ್ಕನೇ ಚೀಟಿಗೆ ಪ್ಯಾರಿಟಿ ಅಂತಾರೆ. ಕಂಪ್ಯೂಟರು ಕೂಡೋ ಬದಲು ಸೊನ್ನೆ-ಒಂದರ ಬೇರೊಂದು ಲೆಕ್ಕ ಮಾಡುತ್ತೆ ಅಷ್ಟೇ, ತತ್ವ ಇದೇ. ಆದರೆ ಎರಡು ಚೀಟಿ ಒಟ್ಟಿಗೇ ಹೋದರೆ ಈ ಲೆಕ್ಕ ನಡೆಯೋದಿಲ್ಲ. ಇದೊಂದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಡಿಸ್ಕು ಹುಟ್ಟಿದ್ದು ಅದಾದ ಮೇಲೆ. 1956ರಲ್ಲಿ ಐಬಿಎಂನವರ ರಾಮ್ಯಾಕ್ ಬಂತು. 24 ಇಂಚು ಅಗಲದ 50 ತಟ್ಟೆಗಳು, ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ. ಅಂದರೆ ಈಗಿನ ಮೊಬೈಲಿನ ಒಂದೆರಡು ಫೋಟೋ! ಮುಂದೆ 1976ರಲ್ಲಿ ಟ್ಯಾಂಡೆಮ್ ಕಂಪನಿಯವರು ಬ್ಯಾಂಕುಗಳಿಗೆ ನಿಲ್ಲದ ಕಂಪ್ಯೂಟರ್ ಮಾಡಿದಾಗ ಒಂದೇ ವಿಷಯವನ್ನು ಎರಡು ಡಿಸ್ಕಿಗೆ ಬರೆಯೋ ಪದ್ಧತಿ ಇಟ್ಟರು. ಇದು ಕನ್ನಡಿ, ಮಿರರ್. ಭದ್ರ, ಆದರೆ ಖರ್ಚು ಎರಡು ಪಟ್ಟು. 1978ರಲ್ಲಿ ಐಬಿಎಂನ ನಾರ್ಮನ್ ಕೆನ್ ಔಚಿ ಅನ್ನೋರಿಗೆ ಒಂದು ಪೇಟೆಂಟ್ ಸಿಕ್ಕಿತು. ಕೆಟ್ಟ ಸ್ಮರಣೆಯ ಘಟಕದಲ್ಲಿದ್ದ ದತ್ತಾಂಶವನ್ನು ಉಳಿದ ಘಟಕಗಳಿಂದ ಮರಳಿ ಪಡೆಯೋ ವಿಧಾನ ಅದರಲ್ಲಿತ್ತು. ನಾವು ಮೇಲೆ ನೋಡಿದ ಜೋಳದ ಚೀಲದ ಲೆಕ್ಕವೇ. ಆದರೆ ‘ರೇಡ್’ ಅನ್ನೋ ಹೆಸರು ಇನ್ನೂ ಹುಟ್ಟಿರಲಿಲ್ಲ.

ಹೆಸರಿಟ್ಟವರು ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಡ್ ಪ್ಯಾಟರ್ಸನ್, ಗಾರ್ತ್ ಗಿಬ್ಸನ್, ರ‍್ಯಾಂಡಿ ಕ್ಯಾಟ್ಜ್. 1987ರ ಕೊನೆಗೆ ಬರೆದ ವರದಿ 1988ರಲ್ಲಿ ಶಿಕಾಗೋದ ಸಮ್ಮೇಳನದಲ್ಲಿ ಮಂಡನೆಯಾಯಿತು. ಅವರ ವಾದ ಇಷ್ಟೇ: 7,500 ಮೆಗಾಬೈಟಿನ ಒಂದು ದೈತ್ಯ ಐಬಿಎಂ ಡಿಸ್ಕಿನ ಬದಲು ಪಿಸಿಗಳಲ್ಲಿ ಹಾಕೋ 100 ಮೆಗಾಬೈಟಿನ ಅಗ್ಗದ ಡಿಸ್ಕುಗಳನ್ನು ಸಾಲಾಗಿ ಜೋಡಿಸಿದರೆ ವೇಗವೂ ಹೆಚ್ಚು, ಕರೆಂಟೂ ಕಡಿಮೆ. ಆದರೆ ತೊಂದರೆ ಒಂದಿತ್ತು. ಒಂದು ಡಿಸ್ಕು ಸರಾಸರಿ 30,000 ಗಂಟೆ ಬಾಳುತ್ತೆ ಅಂದರೆ, ನೂರು ಡಿಸ್ಕಿನ ಸಾಲಿನಲ್ಲಿ 300 ಗಂಟೆಗೆ ಒಂದರಂತೆ ಕೆಡುತ್ತೆ. ಎರಡು ವಾರವೂ ಇಲ್ಲ! ಅಗ್ಗದ್ದನ್ನು ಕಟ್ಟಿಕೊಂಡರೆ ಸಾವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಅದಕ್ಕೇ ಪ್ಯಾರಿಟಿ. ಮಿರರ್‌ನಿಂದ ಹಿಡಿದು ಪ್ಯಾರಿಟಿಯನ್ನು ಎಲ್ಲಾ ಡಿಸ್ಕುಗಳಿಗೂ ಹಂಚೋವರೆಗೆ ಐದು ಮೆಟ್ಟಿಲು ವಿವರಿಸಿದರು. ಇವತ್ತು ಮನೆಯ ಪೆಟ್ಟಿಗೆಗಳಲ್ಲಿ ಕಾಣೋ ರೇಡ್-5 ಆ ಐದನೇ ಮೆಟ್ಟಿಲು. ಹೆಸರಿನಲ್ಲಿದ್ದ ‘ಐ’ ಅಂದರೆ ಅಗ್ಗದ್ದು ಅಂತ. ಮಾರೋ ಕಂಪನಿಗಳು ಆಮೇಲೆ ಅದನ್ನು ‘ಸ್ವತಂತ್ರ’ ಅಂತ ಬದಲಾಯಿಸಿಕೊಂಡವು. ಅಗ್ಗದ್ದು ಅಂತ ಹೇಳಿ ದುಬಾರಿಗೆ ಮಾರೋದು ಕಷ್ಟ ನೋಡಿ!

ಮೊದಮೊದಲು ಇದಕ್ಕೆ ಪ್ರತ್ಯೇಕ ಕಾರ್ಡ್ ಬೇಕಿತ್ತು, ಸಾಮಾನ್ಯ ಜನಕ್ಕೆ ಎಟುಕದ ಬೆಲೆ. 1990ರ ದಶಕದಲ್ಲಿ ಲಿನಕ್ಸ್‌ನವರು ಅದೇ ಕೆಲಸವನ್ನು ಬರೀ ಸಾಫ್ಟ್‌ವೇರಿನಲ್ಲಿ ಮಾಡಿದರು. 2001ರಲ್ಲಿ ನೀಲ್ ಬ್ರೌನ್ ಬರೆದ ‘ಎಂಡಿಎಡಿಎಂ’ ಬಂದ ಮೇಲೆ ಅದನ್ನು ಸಂಭಾಳಿಸೋದು ಸುಲಭವಾಯಿತು. ಸಿಕಂದರಾಬಾದಿನ ಪಾರ್ಕ್ ಲೇನ್‌ನಲ್ಲಿರೋ ಸಿಟಿಸಿಗೆ ಹೋಗಿ ಚೌಕಾಸಿ ಮಾಡಿ ನಾಲ್ಕು ಡಿಸ್ಕು ತಂದು, ಹಳೇ ಪಿಸಿಗೆ ಸಿಕ್ಕಿಸಿದರೆ ಬ್ಯಾಂಕಿನ ವಿದ್ಯೆ ಮನೆಗೆ ಬಂತು. ಮನೆಗೆ ಬಂದದ್ದರ ಜೊತೆ ಮನೆಯ ಕಷ್ಟಗಳೂ ಬಂದವು. ಬೇಸಿಗೆಯ ಸೆಕೆ, ಕರೆಂಟ್ ಹೋಗಿ ಬರೋದು, ಅಗ್ಗದ ಯುಪಿಎಸ್. ಇನ್ನೊಂದು ಕಣ್ಣಿಗೆ ಕಾಣದ ಕಷ್ಟವೂ ಇದೆ. ಸಾಧಾರಣ ಡೆಸ್ಕ್‌ಟಾಪ್ ಡಿಸ್ಕು ಒಂದು ಕೆಟ್ಟ ಜಾಗವನ್ನು ಓದಲು ನಿಮಿಷಗಟ್ಟಲೆ ಹೆಣಗಬಹುದು. ಲಿನಕ್ಸ್ ಸಾಮಾನ್ಯವಾಗಿ ಕಾಯೋದು 30 ಸೆಕೆಂಡು. ಉತ್ತರ ಬರಲಿಲ್ಲ ಅಂದರೆ ಡಿಸ್ಕೇ ಸತ್ತಿದೆ ಅಂತ ತಿಳಿದು ಸಾಲಿನಿಂದ ಆಚೆ ಹಾಕುತ್ತೆ. ಸರ್ವರಿಗೆಂದೇ ಮಾಡಿದ ಡಿಸ್ಕುಗಳು ಏಳು ಸೆಕೆಂಡಿಗೆಲ್ಲ ಕೈಚೆಲ್ಲಿ ‘ಈ ತುಂಡು ಸಿಗಲಿಲ್ಲ’ ಅಂತ ಹೇಳಿಬಿಡುತ್ತವೆ, ಆ ತುಂಡನ್ನು ಪ್ಯಾರಿಟಿಯಿಂದ ತುಂಬಿಕೊಳ್ಳಬಹುದು. ಮನೆಗಳಲ್ಲಿ ‘ಎರಡು ಡಿಸ್ಕು ಒಟ್ಟಿಗೇ ಹೋದವು’ ಅನ್ನೋ ದೂರಿನ ಹಿಂದೆ ಎಷ್ಟೋ ಸಲ ಇರೋದು ಸಾವಲ್ಲ, ತಡವಾದ ಉತ್ತರ.

ಕೆಲವು ವರ್ಷಗಳ ಹಿಂದೆ ನಮ್ಮ ಬೀದಿಯಲ್ಲಿ ಆದದ್ದೂ ಹೀಗೇ. ಬೀದರ್ ಕಡೆಯ ಹಿರಿಯರೊಬ್ಬರಿದ್ದಾರೆ, ನಾವೆಲ್ಲ ಕಾಕಾ ಅಂತೀವಿ. ಬೀದರ್, ಹೈದರಾಬಾದ್ ಎರಡೂ ಒಂದೇ ರಾಜ್ಯದಲ್ಲಿದ್ದ ಕಾಲದಲ್ಲಿ ಹುಟ್ಟಿದವರು. 1956ರಲ್ಲಿ ಬೀದರ್ ಮೈಸೂರು ರಾಜ್ಯಕ್ಕೆ ಸೇರಿತು, ಇವರು ಓದಲು ಬಂದವರು ಇಲ್ಲೇ ಉಳಿದರು. ಅವರ ಮಗ ಕಟ್ಟಿಕೊಟ್ಟ ಪೆಟ್ಟಿಗೆಯಲ್ಲಿ ನಾಲ್ಕು ಡಿಸ್ಕು, ರೇಡ್-5. ಅದರಲ್ಲಿ ಅವರ ತಾಯಿ ಹಾಡಿದ ಬೀಸುಕಲ್ಲಿನ ಪದಗಳು, 1948ರ ರಜಾಕಾರರ ಗಲಾಟೆಯಲ್ಲಿ ಹಳ್ಳಿ ಬಿಟ್ಟು ಹೋದದ್ದನ್ನು ಅಣ್ಣ ಹೇಳಿದ ಧ್ವನಿಮುದ್ರಣ. ಮೂಲ ಕ್ಯಾಸೆಟ್ಟುಗಳು ಬೂಷ್ಟು ಹಿಡಿದು ಯಾವತ್ತೋ ಹೋಗಿವೆ, ಹಾಡಿದವರೂ ಹೇಳಿದವರೂ ಇಲ್ಲ. ಒಂದು ಬೆಳಿಗ್ಗೆ ಪೆಟ್ಟಿಗೆ ಎರಡು ಡಿಸ್ಕು ಇಲ್ಲ ಅಂತ ನಿಂತಿತು. “ತಮ್ಮಾ, ಉಳಿದಿದ್ದು ಹೋದ್ರ ಹೋಗ್ಲಿ. ಅವ್ವನ ದನಿ ಅದ್ರಾಗ ಅದ. ಅದೊಂದು ಸಿಕ್ರ ಸಾಕ್ ನೋಡು” ಅಂದರು.

ಇಲ್ಲಿ ರೇಡ್ ಮಾಡಿದವರ ಮುಂದಾಲೋಚನೆ ನೆರವಿಗೆ ಬಂತು. ಪ್ರತಿ ಡಿಸ್ಕಿನಲ್ಲೂ ಸಾಲು ತನ್ನ ಜಾತಕ ಬರೆದಿಟ್ಟಿರುತ್ತೆ: ಈ ಸಾಲಿನ ಗುರುತೇನು, ನಾನು ಎಷ್ಟನೆಯವನು, ಒಂದೊಂದು ತುಂಡು ಎಷ್ಟು ದೊಡ್ಡದು, ಕೊನೆಯ ಸಲ ಹಾಜರಿ ಹಾಕಿದ್ದು ಯಾವಾಗ. ಈ ಹಾಜರಿ ಸಂಖ್ಯೆಗೆ ಇವೆಂಟ್ ಕೌಂಟ್ ಅಂತ ಹೆಸರು. ಎಂಡಿಎಡಿಎಂನ ‘ಎಕ್ಸಾಮಿನ್’ ಆಜ್ಞೆಯಿಂದ ಒಂದೊಂದನ್ನೇ ನೋಡಿದೆ. ಇದು ಬರೀ ಓದುತ್ತೆ, ಏನನ್ನೂ ಬರೆಯೋದಿಲ್ಲ. ಎರಡು ಡಿಸ್ಕಿನಲ್ಲಿ 58,316. ಮೂರನೆಯದರಲ್ಲಿ 58,309. ನಾಲ್ಕನೆಯದರಲ್ಲಿ 41,200. ಅರ್ಥ ಸ್ಪಷ್ಟ. ನಾಲ್ಕನೆಯದು ತಿಂಗಳುಗಳ ಹಿಂದೆಯೇ ಸಾಲು ಬಿಟ್ಟಿತ್ತು, ಅದನ್ನು ನಂಬಿದರೆ ಹಳೇ ಲೆಕ್ಕ ಹೊಸದರಲ್ಲಿ ಬೆರೆತು ಎಲ್ಲಾ ಕೆಡುತ್ತೆ. ಮೂರನೆಯದು ಹಿಂದಿನ ರಾತ್ರಿಯಷ್ಟೇ ಜಾರಿದ್ದು, ಏಳೇ ಹೆಜ್ಜೆ ಹಿಂದೆ.

ಆ ಮೂರನೆಯದರಲ್ಲಿ ಕೆಟ್ಟ ಜಾಗಗಳಿದ್ದವು. ಅದಕ್ಕೇ ಅದನ್ನು ಡಿಡಿರೆಸ್ಕ್ಯೂ ಅನ್ನೋ ಉಚಿತ ತಂತ್ರಾಂಶದಿಂದ ಹೊಸ ಡಿಸ್ಕಿಗೆ ಹಾಗೇ ನಕಲು ಮಾಡಿದೆ. ಸುಲಭವಾಗಿ ಬರೋದನ್ನು ಮೊದಲು ತೆಗೆದುಕೊಂಡು, ಹಟ ಮಾಡೋ ಜಾಗಗಳನ್ನು ಕೊನೆಗೆ ಮತ್ತೆ ಮತ್ತೆ ಕೇಳೋದು ಅದರ ರೀತಿ. ಒಂದು ರಾತ್ರಿ ಹಿಡಿಯಿತು. ಕೊನೆಗೆ ಓದಲು ಸಿಗದೆ ಉಳಿದದ್ದು ಕೆಲವು ಕಿಲೋಬೈಟು. ಆಮೇಲೆ ಎರಡು ಒಳ್ಳೆಯ ಡಿಸ್ಕು, ಒಂದು ನಕಲು ಸೇರಿಸಿ ‘ಅಸೆಂಬಲ್’ ಆಜ್ಞೆಗೆ ‘ಫೋರ್ಸ್’ ಜೋಡಿಸಿ ಕೊಟ್ಟೆ. ಸಾಲು ಎದ್ದಿತು. ಓದುವುದಕ್ಕೆ ಮಾತ್ರ ತೆರೆದು, ಮೊದಲು ಅವ್ವನ ಹಾಡು, ಆಮೇಲೆ ಅಣ್ಣನ ಮಾತು, ಅದಾದ ಮೇಲೆ ಉಳಿದದ್ದನ್ನೆಲ್ಲ ಬೇರೆ ಡಿಸ್ಕಿಗೆ ತೆಗೆದೆವು. ಕಾಕಾ ಹಾಡು ಪೂರ್ತಿ ಕೇಳಿದರು, ಏನೂ ಮಾತಾಡಲಿಲ್ಲ.

ಇಂಥ ಹೊತ್ತಿನಲ್ಲಿ ಜನ ಹೆದರಿ ‘ಕ್ರಿಯೇಟ್’ ಆಜ್ಞೆ ಕೊಡೋದುಂಟು. ಅದು ಹಳೇ ಜಾತಕ ಅಳಿಸಿ ಹೊಸದು ಬರೆಯುತ್ತೆ. ಡಿಸ್ಕುಗಳ ಕ್ರಮ, ತುಂಡಿನ ಅಳತೆ, ದತ್ತಾಂಶ ಶುರುವಾಗೋ ಜಾಗ, ಮೂರೂ ಮೊದಲಿನಂತೆಯೇ ಇದ್ದರೆ ಮಾತ್ರ ಒಳಗಿನದು ಸಿಕ್ಕೀತು. 2009ರ ಸುಮಾರಿಗೆ ಎಂಡಿಎಡಿಎಂ ತುಂಡಿನ ಅಳತೆಯನ್ನು 64ರಿಂದ 512 ಕಿಲೋಬೈಟಿಗೆ ಏರಿಸಿತು, ಜಾತಕ ಬರೆಯೋ ಜಾಗವೂ ಆಗಲೇ ಬದಲಾಯಿತು. ಹಳೇ ಸಾಲಿಗೆ ಹೊಸ ಆವೃತ್ತಿಯ ‘ಕ್ರಿಯೇಟ್’ ಕೊಟ್ಟು, ಆಮೇಲೆ ಅದು ತಾನಾಗಿಯೇ ಪ್ಯಾರಿಟಿ ಬರೆದುಕೊಂಡರೆ, ಬದುಕಿದ್ದದ್ದೂ ಹೋಯಿತು.

ಇನ್ನು ರೇಡ್ ಮಾಡಲಾಗದ್ದರ ಮಾತು. 1988ರ ಆ 100 ಮೆಗಾಬೈಟಿನ ಡಿಸ್ಕು ಸೆಕೆಂಡಿಗೆ 1 ಮೆಗಾಬೈಟ್ ಓದುತ್ತಿತ್ತು, ಅಂದರೆ ಇಡೀ ಡಿಸ್ಕಿಗೆ ನೂರು ಸೆಕೆಂಡು. ಈಗಿನ 20 ಟೆರಾಬೈಟಿನ ಡಿಸ್ಕು ಸೆಕೆಂಡಿಗೆ 250 ಮೆಗಾಬೈಟ್ ಓದಿದರೂ 22 ಗಂಟೆ ಬೇಕು. ಗಾತ್ರ ಎರಡು ಲಕ್ಷ ಪಟ್ಟು ಆಗಿದೆ, ವೇಗ 250 ಪಟ್ಟು. ಒಂದು ಸತ್ತಾಗ ಹೊಸದನ್ನು ತುಂಬೋವರೆಗೆ ಉಳಿದವು ದಿನಗಟ್ಟಲೆ ದಮ್ಮು ಕಟ್ಟಿ ಓಡಬೇಕು. 2007ರಲ್ಲಿ ಬಿಯಾಂಕಾ ಶ್ರೋಡರ್ ಜೊತೆ ಬರೆದ ಲೇಖನದಲ್ಲಿ ಅದೇ ಗಾರ್ತ್ ಗಿಬ್ಸನ್ ತೋರಿಸಿದ್ದು ಏನು ಗೊತ್ತೇ? ಕಂಪನಿಗಳ ಕಾಗದದ ಪ್ರಕಾರ ವರ್ಷಕ್ಕೆ ನೂರರಲ್ಲಿ ಒಂದು ಡಿಸ್ಕೂ ಕೆಡಬಾರದು, ನಿಜದಲ್ಲಿ ಎರಡರಿಂದ ನಾಲ್ಕು ಬದಲಾಯಿಸಬೇಕಾಗುತ್ತಿತ್ತು. ಅದಕ್ಕೇ ಎರಡು ಡಿಸ್ಕು ಹೋದರೂ ತಡೆಯೋ ರೇಡ್-6 ಬೇಕಾಯಿತು.

ಆದರೆ ರೇಡ್-6 ಕೂಡ ಒಂದೇ ಪೆಟ್ಟಿಗೆಯೊಳಗಿನ ಭದ್ರತೆ. ಹೈದರಾಬಾದಿನವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1908ರ ಸೆಪ್ಟೆಂಬರ್ 28ರಂದು ಮೂಸಿ ಉಕ್ಕಿ ಸುಮಾರು 15,000 ಜನ ಸತ್ತರು. ಅಂಥದ್ದು ಮತ್ತೆ ಆಗಬಾರದು ಅಂತ ನಿಜಾಮರು 1909ರಲ್ಲಿ ನಮ್ಮ ವಿಶ್ವೇಶ್ವರಯ್ಯನವರನ್ನು ಕರೆಸಿದರು. ಉಸ್ಮಾನ್ ಸಾಗರ, ಹಿಮಾಯತ್ ಸಾಗರ ಕಟ್ಟಿದ್ದು ಆ ಯೋಜನೆಯಿಂದಲೇ. ಆ ದಿನ ನದಿ ದಂಡೆಯ ಮನೆಯಲ್ಲಿ ಕಾಗದಪತ್ರ ಒಂದು ಟ್ರಂಕಿನಲ್ಲಿದ್ದರೇನು, ಎರಡರಲ್ಲಿದ್ದರೇನು, ನೀರಿಗೆ ಎರಡೂ ಒಂದೇ. ಬೆಂಕಿ, ಕಳ್ಳ, ಸಿಡಿಲು, ಕೈತಪ್ಪಿ ಒತ್ತಿದ ಡಿಲೀಟ್ ಕೂಡ ಹಾಗೇ. ಅಳಿಸಿದ್ದನ್ನು ರೇಡ್ ಎಲ್ಲಾ ಡಿಸ್ಕಿನಲ್ಲೂ ಬಹಳ ನಿಷ್ಠೆಯಿಂದ ಅಳಿಸುತ್ತೆ!

ನಮ್ಮ ನಾಡಿನದೇ ಒಂದು ಹಳೇ ಉದಾಹರಣೆ ಇದೆ. ಷಟ್ಖಂಡಾಗಮಕ್ಕೆ ವೀರಸೇನರು 9ನೇ ಶತಮಾನದಲ್ಲಿ ಬರೆದ ‘ಧವಲಾ’ ಟೀಕೆಯ ಹಳಗನ್ನಡ ಲಿಪಿಯ ಓಲೆಗಳು ಶತಮಾನಗಟ್ಟಲೆ ಉಳಿದದ್ದು ಮೂಡಬಿದಿರೆಯ ಬಸದಿಯಲ್ಲಿ. ಅಲ್ಲಿ ಒಂದಕ್ಕಿಂತ ಹೆಚ್ಚು ಪ್ರತಿ ಇದ್ದವು, ಆದರೆ ಎಲ್ಲವೂ ಒಂದೇ ಸೂರಿನಡಿ. ನಮ್ಮ ಪೆಟ್ಟಿಗೆಯ ಹಾಗೆ. 1896ರಲ್ಲಿ ನಕಲು ಮಾಡೋ ಕೆಲಸ ಶುರುವಾಗಿ ಕಾಲು ಶತಮಾನ ನಡೆಯಿತು. ನಕಲುಗಳು ಉತ್ತರ ಭಾರತಕ್ಕೆ ಹೋದವು. 1939ರಿಂದ 1958ರವರೆಗೆ ಹೀರಾಲಾಲ್ ಜೈನರ ಸಂಪಾದನೆಯಲ್ಲಿ 16 ಸಂಪುಟ ಅಚ್ಚಾಯಿತು. ಬಸದಿಯ ಕಾವಲು ಗ್ರಂಥವನ್ನು ಅಷ್ಟು ಕಾಲ ಉಳಿಸಿತು ನಿಜ. ಆದರೆ ಇನ್ನು ಭಯವಿಲ್ಲ ಅನ್ನೋ ಹಾಗಾದದ್ದು ಅದು ಬೇರೆ ಊರುಗಳಿಗೆ ಹೋದ ಮೇಲೆ.

ಫೋಟೋಗ್ರಾಫರ್ ಪೀಟರ್ ಕ್ರೋ 2000ದ ದಶಕದಲ್ಲಿ ಹೇಳಿಕೊಟ್ಟ 3-2-1 ಲೆಕ್ಕವೂ ಇದೇ: ಮೂರು ಪ್ರತಿ, ಎರಡು ಬಗೆಯ ಸಾಧನದಲ್ಲಿ, ಒಂದು ಮನೆಯಿಂದ ಹೊರಗೆ. ವಲಸೆ ಬಂದವರಿಗೆ ಆ ‘ಹೊರಗೆ’ ಅನ್ನೋದಕ್ಕೆ ಹುಡುಕಾಡಬೇಕಿಲ್ಲ, ಊರಿನಲ್ಲಿ ಅಕ್ಕನೋ ತಮ್ಮನೋ ಇದ್ದೇ ಇರುತ್ತಾರೆ. ಮುಂದಿನ ಸಲ ಹಬ್ಬಕ್ಕೆ ಹೋಗುವಾಗ ಕರಾಚಿ ಬೇಕರಿಯ ಬಿಸ್ಕತ್ತಿನ ಜೊತೆ ಒಂದು ಡಿಸ್ಕನ್ನೂ ಬ್ಯಾಗಿಗೆ ಹಾಕಿಕೊಳ್ಳಿ. ವರ್ಷಕ್ಕೊಮ್ಮೆ ಅದನ್ನು ತೆರೆದು ಒಂದು ಹಾಡಾದರೂ ಕೇಳಿ ನೋಡಿ. ತೆರೆದು ನೋಡದ ಪ್ರತಿ ಇದೆಯೋ ಇಲ್ಲವೋ ಹೇಳೋರು ಯಾರು?