ಮೋಸ ಇರಲಿ, ಅನ್ಯಾಯ ಬೇಡ

‘ಅವನ ಮನದೊಳಗೆ ವಂದನೆ.’ ಮೂರು ಅಕ್ಷರದ ಪದ ಬೇಕು.

ಓದಿದೊಡನೆ ಕಣ್ಣ ಮುಂದೆ ಬರುವವನು ಯಾರೋ ಒಬ್ಬ ಭಕ್ತ. ಮನಸ್ಸಿನಲ್ಲೇ ದೇವರಿಗೆ ಕೈಮುಗಿಯುತ್ತಿದ್ದಾನೆ. ಯಾವ ದೇವರು, ಯಾವ ಸ್ತೋತ್ರ ಎಂದು ಯೋಚಿಸುತ್ತ ಕೂತರೆ ಕಾಫಿ ಆರುತ್ತದೆಯೇ ಹೊರತು ಉತ್ತರ ಸಿಗುವುದಿಲ್ಲ. ‘ಅವನ ಮನ’ ಎಂಬುದನ್ನು ಬಿಡಿಬಿಡಿಯಾಗಿ ಓದಿ ನೋಡಿ: ಅ, ವ, ನ, ಮ, ನ. ಅದರೊಳಗೇ ‘ನಮನ’ ಅಡಗಿದೆ! ‘ಹೊಳೆ ಹಿಂದಕ್ಕೆ ಹರಿದರೆ ಹಗಲು’ ಎಂಬ ಎರಡಕ್ಷರದ ಸುಳಿವೂ ಇದೇ ಜಾತಿಯದು. ‘ನದಿ’ಯನ್ನು ಹಿಂದುಮುಂದಾಗಿ ಓದಿದರೆ ‘ದಿನ’.

ಇಂಥ ಸುಳಿವುಗಳಿಂದ ಕಟ್ಟಿದ್ದೇ ಇಂಗ್ಲಿಷಿನ ‘ಕ್ರಿಪ್ಟಿಕ್ ಕ್ರಾಸ್‌ವರ್ಡ್’, ಅಂದರೆ ಗೂಢ ಪದಬಂಧ. ಸಾಮಾನ್ಯ ಪದಬಂಧ ‘ನಿಮಗೆ ಗೊತ್ತೇ?’ ಎಂದು ಕೇಳಿದರೆ, ಇದು ‘ನಿಮಗೆ ಕಾಣುತ್ತಿದೆಯೇ?’ ಎಂದು ಕೇಳುತ್ತದೆ. ಗೊತ್ತಿಲ್ಲದೆ ಸೋತರೆ ನಾಚಿಕೆಯೇನಿಲ್ಲ. ಕಣ್ಣೆದುರಿಗಿದ್ದದ್ದು ಕಾಣದೆ ಸೋತರೆ ಮಾತ್ರ ಮೈ ಉರಿಯುತ್ತದೆ. ಎಲ್ಲ ಚೌಕಗಳೂ ತುಂಬಿ ಒಂದೇ ಒಂದು ಪದ ಉಳಿದು, ಅದು ಇಡೀ ದಿನ ತಲೆ ಕೊರೆದು, ಮರುದಿನ ಉತ್ತರ ನೋಡಿ ಹಣೆ ಚಚ್ಚಿಕೊಳ್ಳುವುದು ಈ ಹವ್ಯಾಸಿಗಳ ನಿತ್ಯದ ಪಾಡು. ಆದರೂ ಅವರು ಮತ್ತೆ ಪೆನ್ಸಿಲ್ ಹಿಡಿಯುತ್ತಾರೆ. ಏಕೆ? ತಮ್ಮನ್ನು ಏಮಾರಿಸಿದವನು ಅನ್ಯಾಯ ಮಾಡಿಲ್ಲ ಎಂಬ ನಂಬಿಕೆಯಿಂದ. ಆ ನಂಬಿಕೆ ಒಂದೇ ದಿನದಲ್ಲಿ ಬೆಳೆದದ್ದಲ್ಲ.

ಪದಬಂಧ ಹುಟ್ಟಿದ್ದು ಅಮೆರಿಕದಲ್ಲಿ. ಇಂಗ್ಲೆಂಡಿನ ಲಿವರ್‌ಪೂಲ್‌ನಿಂದ ವಲಸೆ ಹೋಗಿದ್ದ ಪತ್ರಕರ್ತ ಆರ್ಥರ್ ವಿನ್, 1913ರ ಡಿಸೆಂಬರ್ 21ರ ಭಾನುವಾರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಯಲ್ಲಿ ವಜ್ರಾಕಾರದ ಒಂದು ಪದಬಂಧ ಪ್ರಕಟಿಸಿ ‘ವರ್ಡ್-ಕ್ರಾಸ್’ ಎಂದು ಹೆಸರಿಟ್ಟರು. ಕೆಲವೇ ವಾರಗಳಲ್ಲಿ ಆ ಹೆಸರೇ ಹಿಂದುಮುಂದಾಗಿ ‘ಕ್ರಾಸ್-ವರ್ಡ್’ ಆಯಿತು. ಅವರ ಸುಳಿವುಗಳು ನೇರ. ಅರ್ಥ ಕೊಟ್ಟು ಪದ ಕೇಳುವುದು, ಅಷ್ಟೆ.

ಅದಕ್ಕೆ ವಕ್ರಬುದ್ಧಿ ಕಲಿಸಿದ್ದು ಇಂಗ್ಲೆಂಡು. ಕವಿಯೂ ಅನುವಾದಕರೂ ಆಗಿದ್ದ ಎಡ್ವರ್ಡ್ ಪೊವಿಸ್ ಮ್ಯಾಥರ್ಸ್ 1926ರಿಂದ ‘ಅಬ್ಸರ್ವರ್’ ವಾರಪತ್ರಿಕೆಯಲ್ಲಿ ಗೂಢ ಪದಬಂಧ ರಚಿಸತೊಡಗಿದರು. ಅವರ ಗುಪ್ತನಾಮ ‘ಟಾರ್ಕೆಮಾಡ’. 15ನೇ ಶತಮಾನದ ಸ್ಪೇನಿನಲ್ಲಿ ಧರ್ಮದ್ರೋಹದ ವಿಚಾರಣೆ ನಡೆಸಿ ಕುಖ್ಯಾತನಾದ ಪಾದ್ರಿಯ ಹೆಸರದು! ಹೆಸರಿಗೆ ತಕ್ಕ ಹಿಂಸೆಯೂ ಇತ್ತು. ಉತ್ತರ ಹೊಳೆದ ಮೇಲೂ ಅದು ಹೇಗೆ ಬಂತೆಂದು ತಿಳಿಯದೆ ಓದುಗರು ಒದ್ದಾಡುತ್ತಿದ್ದರು.

1939ರಲ್ಲಿ ಮ್ಯಾಥರ್ಸ್ ತೀರಿಕೊಂಡ ಮೇಲೆ ಆ ಜಾಗಕ್ಕೆ ಬಂದವರು ಲ್ಯಾಟಿನ್, ಗ್ರೀಕ್ ಕಲಿಸುತ್ತಿದ್ದ ಶಾಲಾ ಮಾಸ್ತರು ಡೆರಿಕ್ ಮ್ಯಾಕ್‌ನಟ್. ಅವರೂ ಇನ್ನೊಬ್ಬ ಸ್ಪ್ಯಾನಿಷ್ ವಿಚಾರಣಾಧಿಕಾರಿಯ ಹೆಸರನ್ನೇ ಎತ್ತಿಕೊಂಡು ‘ಝಿಮೆನೀಸ್’ ಆದರು. ಆದರೆ ಮಾಡಿದ್ದು ಮಾತ್ರ ನ್ಯಾಯಾಧೀಶರ ಕೆಲಸ. ಪದಬಂಧದ ಕಲೆಯನ್ನು ಕುರಿತು 1966ರಲ್ಲಿ ಅವರು ಬರೆದ ಪುಸ್ತಕ ಈ ಆಟಕ್ಕೊಂದು ಧರ್ಮಶಾಸ್ತ್ರವಾಯಿತು. ಸುಳಿವಿನಲ್ಲಿ ಉತ್ತರದ ನಿಖರ ಅರ್ಥವಿರಬೇಕು. ಅದೇ ಉತ್ತರಕ್ಕೆ ಅಕ್ಷರಗಳ ಮೂಲಕ ತಲುಪುವ ಇನ್ನೊಂದು ದಾರಿ ಇರಬೇಕು. ಇವೆರಡನ್ನು ಬಿಟ್ಟು ಒಂದು ಪದವೂ ಹೆಚ್ಚಿಗೆ ಇರಕೂಡದು. ಓದುಗನನ್ನು ದಾರಿ ತಪ್ಪಿಸಬಹುದು, ಸುಳ್ಳು ಹೇಳಬಾರದು. ನಮ್ಮ ಭಕ್ತನ ಸುಳಿವನ್ನೇ ನೋಡಿ. ‘ವಂದನೆ’ ಅರ್ಥ, ‘ಅವನ ಮನ’ ಅಡಗುತಾಣ, ‘ಒಳಗೆ’ ಎಂಬುದು ದಾರಿಯ ಕೈಮರ. ಹೆಚ್ಚಿಗೆ ಏನೂ ಇಲ್ಲ.

ಹೀಗೆ ಪ್ರತಿ ಪದಕ್ಕೂ ಒಂದು ಉದ್ದೇಶವಿದೆ ಎಂದು ನಂಬುವುದು ಬಿಡಿಸುವವರಿಗೆ ಅಭ್ಯಾಸವಾಗುತ್ತದೆ. ಆ ಅಭ್ಯಾಸ ಬೇಹುಗಾರರಿಗೂ ಹತ್ತಿದರೆ? ಎರಡನೇ ಮಹಾಯುದ್ಧದಲ್ಲಿ ಹತ್ತಿತು. 1942ರ ಜನವರಿಯಲ್ಲಿ ಲಂಡನ್ನಿನ ‘ಡೈಲಿ ಟೆಲಿಗ್ರಾಫ್’, 12 ನಿಮಿಷದೊಳಗೆ ಪದಬಂಧ ಬಿಡಿಸುವ ಸ್ಪರ್ಧೆ ನಡೆಸಿತು. ಭಾಗವಹಿಸಿದ್ದ ಕೆಲವರಿಗೆ ಬಳಿಕ ಸರ್ಕಾರದಿಂದ ಗುಟ್ಟಾಗಿ ಕರೆ ಬಂತು. ಜರ್ಮನರ ಸಂಕೇತ ಭಾಷೆಯನ್ನು ಒಡೆಯುತ್ತಿದ್ದ ಬ್ಲೆಚ್ಲಿ ಪಾರ್ಕಿಗೆ ಇಂಥ ತಲೆಗಳು ಬೇಕಾಗಿದ್ದವು.

ಎರಡು ವರ್ಷಗಳ ನಂತರ ಅದೇ ಪತ್ರಿಕೆಯ ಪದಬಂಧ ಗುಪ್ತಚರರ ನಿದ್ದೆ ಕೆಡಿಸಿತು. 1944ರ ಜೂನ್ 6ರಂದು ಮಿತ್ರಪಡೆಗಳು ಫ್ರಾನ್ಸಿನ ನಾರ್ಮಂಡಿ ತೀರದಲ್ಲಿ ಇಳಿಯಲಿದ್ದವು. ಅದಕ್ಕೆ ಮುಂಚಿನ ಐದಾರು ವಾರಗಳಲ್ಲಿ ಕಾರ್ಯಾಚರಣೆಯ ಪರಮ ರಹಸ್ಯ ಸಂಕೇತಗಳಾದ ಯೂಟಾ, ಒಮಾಹ, ಓವರ್‌ಲಾರ್ಡ್, ಮಲ್ಬೆರಿ, ನೆಪ್ಚೂನ್ ಒಂದೊಂದಾಗಿ ಪದಬಂಧದ ಉತ್ತರಗಳಾಗಿ ಹೊರಬಂದವು! ರಚಿಸಿದ್ದವರು ಲಿಯೊನಾರ್ಡ್ ಡಾ ಎಂಬ ಮುಖ್ಯೋಪಾಧ್ಯಾಯರು. ಗುಪ್ತಚರರು ಮನೆಗೇ ಬಂದು ಅವರನ್ನು ವಿಚಾರಿಸಿದರು. ದೇಶದ್ರೋಹದ ಆರೋಪ ಬಂದಿದ್ದರೆ ಪ್ರಾಣಕ್ಕೇ ಸಂಚಕಾರವಾಗುತ್ತಿತ್ತು. ಆದರೆ ಏನೂ ಸಿಗಲಿಲ್ಲ. 1984ರಲ್ಲಿ ಅವರ ಹಳೆಯ ಶಿಷ್ಯರೊಬ್ಬರು ಹೊರಗೆಡವಿದ ಸಂಗತಿ ಹೀಗಿದೆ: ಮೇಷ್ಟ್ರು ಖಾಲಿ ಚೌಕಗಳಿಗೆ ಪದ ತುಂಬಲು ಹುಡುಗರಿಗೇ ಹೇಳುತ್ತಿದ್ದರು, ಆಮೇಲೆ ತಾವು ಸುಳಿವು ಬರೆಯುತ್ತಿದ್ದರು. ಹುಡುಗರು ಶಾಲೆಯ ಸಮೀಪದ ಸೈನಿಕ ಶಿಬಿರಗಳಲ್ಲಿ ಕಿವಿಗೆ ಬಿದ್ದ ಪದಗಳನ್ನೇ ತಂದು ತುಂಬಿದ್ದರು.

ನಮ್ಮ ದೇಶದಲ್ಲಿ ಅನೇಕರಿಗೆ ಈ ರುಚಿ ಹತ್ತಿಸಿದ್ದು ‘ದಿ ಹಿಂದೂ’ ಪತ್ರಿಕೆ. ಅದರ ಆರಂಭದ ಪದಬಂಧಗಳನ್ನು ರಚಿಸಿದವರು ಭಾರತೀಯ ನೌಕಾಪಡೆಯ ಮುಖ್ಯಸ್ಥರಾದ ಮೊದಲ ಭಾರತೀಯ ಆರ್.ಡಿ. ಕಟಾರಿ. ಕನ್ನಡದಲ್ಲೂ ಪದಬಂಧಕ್ಕೆ ಬರವಿಲ್ಲ, ಅ.ನಾ. ಪ್ರಹ್ಲಾದರಾವ್ ಅವರೊಬ್ಬರೇ ಸಾವಿರಾರು ರಚಿಸಿದ್ದಾರೆ. ಆದರೆ ನಮ್ಮಲ್ಲಿ ನೇರ ಸುಳಿವಿನದೇ ಹೆಚ್ಚಿನ ಪಾಲು. ಲಿಪಿಯ ಗುಣವೂ ಇದಕ್ಕೊಂದು ಕಾರಣವೆನ್ನಬಹುದು. ಇಂಗ್ಲಿಷಿನ 26 ಅಕ್ಷರಗಳನ್ನು ಹೇಗೆ ಬೇಕಾದರೂ ಕಲಸಿ ಹೊಸ ಪದ ಮಾಡಬಹುದು. ಕನ್ನಡದಲ್ಲಿ ಕಾಗುಣಿತ, ಒತ್ತು ಸಮೇತ ಇಡೀ ಅಕ್ಷರ ಒಂದು ಚೌಕದಲ್ಲಿ ಕೂರುತ್ತದೆ; ‘ಸ್ತ್ರೀ’ಗೂ ಒಂದೇ ಮನೆ. ಕಲಸುವ ಅವಕಾಶ ಕಡಿಮೆ. ತಿರುಗಿಸಲು, ಅಡಗಿಸಲು ಮಾತ್ರ ಅಡ್ಡಿಯಿಲ್ಲ. ‘ಮರಾ ಮರಾ’ ಎನ್ನುತ್ತ ರಾಮನನ್ನು ತಲುಪಿದ ವಾಲ್ಮೀಕಿಯ ಕತೆ, ಹೊರಗೊಂದು ಒಳಗೊಂದು ಅರ್ಥವಿರುವ ಕನಕದಾಸರ ಮುಂಡಿಗೆಗಳು ನಮಗೇನು ಹೊಸವೇ?

ಬಿಡಿಸುವವರ ಹಾಗೂ ರಚಿಸುವವರ ನಡುವಿನ ನಂಬಿಕೆ ಎಷ್ಟು ಆಳಕ್ಕೆ ಹೋಗಬಲ್ಲದು ಎಂಬುದಕ್ಕೆ ಜಾನ್ ಗ್ರಹಾಂ ಸಾಕ್ಷಿ. ‘ಗಾರ್ಡಿಯನ್’ ಪತ್ರಿಕೆಗೆ 1958ರಿಂದ ಪದಬಂಧ ರಚಿಸುತ್ತಿದ್ದ ಈ ಪಾದ್ರಿ ‘ಅರಾಕೇರಿಯ’ ಎಂದೇ ಪ್ರಸಿದ್ಧರು. ಇಂಗ್ಲಿಷರು ‘ಮಂಕಿ ಪಜಲ್’ ಎನ್ನುವ, ಮಂಗನನ್ನೂ ತಬ್ಬಿಬ್ಬು ಮಾಡುವ ಮುಳ್ಳೆಲೆಯ ಮರದ ಶಾಸ್ತ್ರೀಯ ಹೆಸರದು. 2013ರ ಜನವರಿಯಲ್ಲಿ ಅವರ ಒಂದು ಪದಬಂಧದ ಮೇಲೆ ಪುಟ್ಟ ಟಿಪ್ಪಣಿಯಿತ್ತು. ತಮಗೆ ಏನಾಗಿದೆ, ಯಾವ ಆರೈಕೆ ನಡೆದಿದೆ ಎಂಬುದನ್ನು ಅದರಲ್ಲಿ ಬರೀ ಚೌಕಗಳ ಸಂಖ್ಯೆಯಲ್ಲಿ ಹೇಳಿದ್ದರು. ಓದುಗರು ಎಂದಿನಂತೆ ಪೆನ್ಸಿಲ್ ಹಿಡಿದು ಕುಳಿತರು. ಒಂದೊಂದೇ ಸುಳಿವು ಬಿಚ್ಚಿದಂತೆ ಕ್ಯಾನ್ಸರ್, ಅನ್ನನಾಳ, ಉಪಶಮನ ಆರೈಕೆ ಎಂಬ ಪದಗಳು ಅವರ ಕೈಯಿಂದಲೇ ಚೌಕಗಳಲ್ಲಿ ಮೂಡಿದವು. ಸುಳಿವುಗಳು ಯಾವತ್ತಿನಂತೆ ಅಚ್ಚುಕಟ್ಟಾಗಿದ್ದವು. ಅದೇ ವರ್ಷ ನವೆಂಬರ್ 26ರಂದು, 92ನೇ ವಯಸ್ಸಿನಲ್ಲಿ, ಗ್ರಹಾಂ ತೀರಿಕೊಂಡರು.