ಸಂಪರ್ಕ ಕಡಿದಾಗಲೂ ತೆರೆಯುವ ಪುಟ

ಮುಂಬಯಿಯಿಂದ ಕೊಂಕಣ ರೈಲಿನಲ್ಲಿ ಊರಿಗೆ ಹೋಗುವ ನಮ್ಮವರಿಗೆ ಈ ಅನುಭವ ಹೊಸದಲ್ಲ. ತೊಂಬತ್ತಕ್ಕೂ ಮಿಕ್ಕ ಸುರಂಗಗಳಿರುವ ಆ ದಾರಿಯಲ್ಲಿ ಗಾಡಿ ಕತ್ತಲೆಗೆ ನುಗ್ಗಿತೆಂದರೆ ಮೊಬೈಲಿನ ಸಂಪರ್ಕ ಕಡಿಯುತ್ತದೆ. ಮುಂದಿನ ಪುಟ ತೆರೆಯಹೋದರೆ ಬರಿಯ ಬಿಳಿ ಪರದೆ. ಆದರೆ ಕೆಲವು ಜಾಲತಾಣಗಳು ಮಾತ್ರ ಏನೂ ಆಗದಂತೆ ತೆರೆದುಕೊಳ್ಳುತ್ತವೆ. ಇಳಿಸಿಕೊಂಡ ಆಪ್ ಹಾಗೆ ಮಾಡಿದರೆ ಅಚ್ಚರಿಯಿಲ್ಲ, ಅದರ ಸರಕು ಫೋನಿನೊಳಗೇ ಇರುತ್ತದೆ. ಜಾಲದಲ್ಲೇ ಹುಟ್ಟಿ ಬೆಳೆದ ವೆಬ್ ಆಪ್ ಜಾಲವಿಲ್ಲದೆ ಬದುಕಲು ಕಲಿತದ್ದು ಹೇಗೆ? ಅದಕ್ಕೆ ಹನ್ನೊಂದು ವರ್ಷಗಳೇ ಹಿಡಿದವು.

2007ರ ಜನವರಿಯಲ್ಲಿ ಆಪಲ್ ಕಂಪೆನಿಯ ಸ್ಟೀವ್ ಜಾಬ್ಸ್ ಐಫೋನನ್ನು ಲೋಕಕ್ಕೆ ತೋರಿಸಿದರು. ಹೊರಗಿನವರು ಅದಕ್ಕೆ ಆಪ್ ರಚಿಸಲು ಆಗ ಅವಕಾಶವಿರಲಿಲ್ಲ. ಬೇಕಾದರೆ ಸಫಾರಿ ಬ್ರೌಸರಿನಲ್ಲಿ ಓಡುವ ವೆಬ್ ಆಪ್ ಮಾಡಿಕೊಳ್ಳಿ ಎಂದು ಅದೇ ಜೂನಿನಲ್ಲಿ ತಂತ್ರಜ್ಞರಿಗೆ ಹೇಳಿದರು. ಅವರಿಗೆ ಅದು ರುಚಿಸಲಿಲ್ಲ. ಸಂಪರ್ಕ ಹೋದರೆ ಅಂಥ ಆಪ್ ಇದ್ದೂ ಇಲ್ಲದಂತೆ. 2008ರ ಜುಲೈಯಲ್ಲಿ ಆಪ್ ಸ್ಟೋರ್ ತೆರೆದದ್ದೇ ತಡ, ಎಲ್ಲರೂ ಅತ್ತ ಧಾವಿಸಿದರು. ಗೂಗಲಿನ 'ಗೇರ್ಸ್' ಎಂಬ ಜೋಡಣೆ 2007ರಲ್ಲೇ ಕಂಪ್ಯೂಟರಿಗೂ ಮರುವರ್ಷ ಕೆಲವು ಫೋನುಗಳಿಗೂ ಬಂದಿತ್ತಾದರೂ ಹೆಚ್ಚು ಕಾಲ ಬಾಳಲಿಲ್ಲ.

ನಂತರ ಬಂದದ್ದು ಆಪ್‌ಕ್ಯಾಶ್. ಯಾವ ಯಾವ ಕಡತಗಳನ್ನು ಫೋನಿನಲ್ಲಿ ಉಳಿಸಿಕೊಳ್ಳಬೇಕೆಂದು ಜಾಲತಾಣವು ಒಂದು ಪಟ್ಟಿ ಕೊಡುತ್ತಿತ್ತು, ಬ್ರೌಸರು ಅಷ್ಟನ್ನೂ ತಂದಿಟ್ಟುಕೊಳ್ಳುತ್ತಿತ್ತು. 2009ರಲ್ಲಿ ಜಿಮೇಲ್ ಇದನ್ನು ಫೋನುಗಳಲ್ಲಿ ಬಳಸಿತು. 2011ರ ಜೂನಿನಲ್ಲಿ ಲಂಡನ್ನಿನ ಫೈನಾನ್ಷಿಯಲ್ ಟೈಮ್ಸ್ ಪತ್ರಿಕೆ ಇದರ ಬಲದಿಂದಲೇ ಆಪಲ್‌ಗೆ ಸಡ್ಡು ಹೊಡೆಯಿತು. ಆಪ್ ಒಳಗಿನ ಚಂದಾದಲ್ಲಿ ನೂರಕ್ಕೆ 30 ಪಾಲು ತನಗೆ ಬರಬೇಕೆಂಬುದು ಆಗ ಆಪಲ್ ನಿಯಮವಾಗಿತ್ತು. ಪತ್ರಿಕೆ ಒಪ್ಪದೆ, ಸಂಪರ್ಕವಿಲ್ಲದಾಗಲೂ ಓದಬಹುದಾದ ವೆಬ್ ಆಪ್ ಹೊರತಂದಿತು. ಚಂದಾದಾರರ ಪಟ್ಟಿಯೇ ಪತ್ರಿಕೆಯ ಜೀವಾಳವೆಂಬುದು ನಮ್ಮಂಥ ಸಂಘದ ಮಾಸಿಕ ನಡೆಸುವವರಿಗೆ ಬಿಡಿಸಿ ಹೇಳಬೇಕಾದ್ದಿಲ್ಲ!

ಆದರೆ ಆಪ್‌ಕ್ಯಾಶಿನ ನಡತೆ ವಿಚಿತ್ರವಾಗಿತ್ತು. ಹೊಸ ಸಾರು ಒಲೆಯ ಮೇಲೆ ಕುದಿಯುತ್ತಿದ್ದರೂ ಮೊದಲು ನಿನ್ನೆಯ ಸಾರನ್ನೇ ಬಡಿಸುವ ಜಾತಿ ಅದರದು. ಸಂಪರ್ಕ ಚೆನ್ನಾಗಿದ್ದಾಗಲೂ ಉಳಿಸಿಟ್ಟ ಹಳೆಯ ಪುಟವನ್ನೇ ತೋರಿಸುತ್ತಿತ್ತು. ಪಟ್ಟಿಯಲ್ಲಿ ಒಂದಕ್ಷರವಾದರೂ ಬದಲಾಗದ ಹೊರತು ಕಡತ ಬದಲಾದದ್ದು ಅದಕ್ಕೆ ತಿಳಿಯುತ್ತಲೇ ಇರಲಿಲ್ಲ. ಜೇಕ್ ಆರ್ಚಿಬಾಲ್ಡ್ ಎಂಬ ತಂತ್ರಜ್ಞರು 2012ರಲ್ಲಿ ಅದನ್ನು ತರಾಟೆಗೆ ತೆಗೆದುಕೊಂಡು ಬರೆದ ಲೇಖನ ಪ್ರಸಿದ್ಧವಾಯಿತು. ಸರಕನ್ನು ಕೂಡಿಡುವುದು ಸುಲಭ, ಅದು ಯಾವಾಗ ಹಳಸಿತೆಂದು ತಿಳಿಯುವುದೇ ಕಷ್ಟ.

ಪರಿಹಾರವಾಗಿ ಬಂದದ್ದು ಸರ್ವಿಸ್ ವರ್ಕರ್. ಮದುವೆಮನೆಯ ಉಗ್ರಾಣಿಯನ್ನು ನೆನೆದುಕೊಂಡರೆ ಅರ್ಥವಾದೀತು. ಪುಟಕ್ಕೂ ಜಾಲಕ್ಕೂ ನಡುವೆ ಕುಳಿತ ಒಂದು ಸಣ್ಣ ಪ್ರೋಗ್ರಾಂ ಇದು. ಪುಟ ಕೇಳಿದ ಪ್ರತಿಯೊಂದು ವಸ್ತುವೂ ಇದರ ಕೈದಾಟಿಯೇ ಬರಬೇಕು. ಯಾವುದನ್ನು ಉಗ್ರಾಣದಿಂದ ಕೊಡುವುದು, ಯಾವುದನ್ನು ಪೇಟೆಯಿಂದ ಹೊಸದಾಗಿ ತರಿಸುವುದು, ಪೇಟೆಯ ದಾರಿ ಮುಚ್ಚಿದ್ದರೆ ಏನು ಮಾಡುವುದು, ಎಲ್ಲವನ್ನೂ ಜಾಲತಾಣ ರಚಿಸಿದವರೇ ಇದಕ್ಕೆ ಹೇಳಿಕೊಟ್ಟಿರುತ್ತಾರೆ. 2015ರಲ್ಲಿ ಕ್ರೋಮ್, 2016ರಲ್ಲಿ ಫೈರ್‌ಫಾಕ್ಸ್, ಕೊನೆಗೆ 2018ರ ಮಾರ್ಚಿನಲ್ಲಿ ಐಫೋನಿನ ಸಫಾರಿ ಇದನ್ನು ಒಪ್ಪಿಕೊಂಡವು.

ಈ ಚರಿತ್ರೆಯಲ್ಲಿ ಬೆಂಗಳೂರಿಗೂ ಒಂದು ಪಾತ್ರವಿದೆ. ಅಲ್ಲಿನ ಫ್ಲಿಪ್‌ಕಾರ್ಟ್ 2015ರ ಮೊದಲ ಭಾಗದಲ್ಲಿ ತನ್ನ ಮೊಬೈಲ್ ಜಾಲತಾಣವನ್ನು ಮುಚ್ಚಿ, ಬಂದವರನ್ನೆಲ್ಲ ಆಪ್ ಕಡೆಗೆ ತಿರುಗಿಸಿತು. ಅದೇ ನವೆಂಬರಿನಲ್ಲಿ ಸರ್ವಿಸ್ ವರ್ಕರ್ ಬಳಸಿದ 'ಫ್ಲಿಪ್‌ಕಾರ್ಟ್ ಲೈಟ್' ಎಂಬ ವೆಬ್ ಆಪ್ ಹಿಡಿದು ಹಿಂದಿರುಗಿತು. ಫೋನಿನಲ್ಲಿ ಜಾಗ ಕಡಿಮೆ, ಸಂಪರ್ಕ ನಿಧಾನ ಎಂಬ ನಮ್ಮ ದೇಶದ ಸ್ಥಿತಿಗೆ ಹೇಳಿ ಮಾಡಿಸಿದಂಥ ವಿದ್ಯೆ ಇದು.

ಹೀಗಿದ್ದೂ 2020ರ ಲಾಕ್‌ಡೌನ್ ಕಾಲದಲ್ಲಿ ಮಲೆನಾಡಿನ ಮಕ್ಕಳು ಪಾಠಕ್ಕಾಗಿ ಸಿಗ್ನಲ್ ಅರಸಿ ಗುಡ್ಡ ಹತ್ತಿದ ಸುದ್ದಿಗಳನ್ನು ನಾವು ಪರವೂರಿನಲ್ಲಿ ಕುಳಿತು ಓದಿದೆವು. ನೇರ ಪಾಠಕ್ಕೆ ಸಂಪರ್ಕ ಬೇಕೇ ಬೇಕು, ಸರಿ. ಆದರೆ ಟಿಪ್ಪಣಿಗಳನ್ನೂ ಅಭ್ಯಾಸದ ಲೆಕ್ಕಗಳನ್ನೂ ಈ ಉಗ್ರಾಣಿಗೆ ಒಪ್ಪಿಸಬಹುದಿತ್ತು. ಗುಡ್ಡದ ಮೇಲೆ ಒಮ್ಮೆ ತೆರೆದ ಪುಟವನ್ನು ಮಕ್ಕಳು ಮನೆಯ ಜಗಲಿಯಲ್ಲಿ ಕುಳಿತು ಓದಬಹುದಿತ್ತು. ವಿದ್ಯೆ ಇದ್ದೂ ಬೇಕಾದವರಿಗೆ ಒದಗದಿರುವುದು ನಮಗೆ ಖೇದವೆನಿಸುತ್ತದೆ.

ಉಗ್ರಾಣ ನಮ್ಮ ಫೋನಿನಲ್ಲಿದ್ದರೂ ಅದರ ಬೀಗದ ಕೈ ಬ್ರೌಸರ್ ಮಾಡಿದವರ ಬಳಿ ಇದೆ ಎಂಬುದನ್ನೂ ಮರೆಯುವಂತಿಲ್ಲ. 2020ರ ಮಾರ್ಚಿನಲ್ಲಿ ಸಫಾರಿ ಒಂದು ಕಟ್ಟಳೆ ತಂದಿತು: ಬ್ರೌಸರನ್ನು ಬಳಸಿದ ಏಳು ದಿನಗಳಲ್ಲಿ ಒಮ್ಮೆಯೂ ಮುಟ್ಟದ ಜಾಲತಾಣ ಕೂಡಿಟ್ಟದ್ದನ್ನು ಅಳಿಸಿಹಾಕುವುದು. ಹೋಮ್ ಸ್ಕ್ರೀನಿಗೆ ಸೇರಿಸಿಕೊಂಡ ವೆಬ್ ಆಪ್‌ಗಳಿಗೆ ಮಾತ್ರ ವಿನಾಯಿತಿ ಸಿಕ್ಕಿತು. ಆದುದರಿಂದ ಐಫೋನ್ ಇರುವವರು ಬೇಕಾದ ತಾಣವನ್ನು ಹಾಗೆ ಸೇರಿಸಿಟ್ಟುಕೊಳ್ಳುವುದು ಒಳ್ಳೆಯದು. 2024ರ ಫೆಬ್ರವರಿಯಲ್ಲಿ ಯುರೋಪಿನ ಒಕ್ಕೂಟದ ದೇಶಗಳಲ್ಲಿ ಈ ಸೌಕರ್ಯವನ್ನೂ ತೆಗೆದುಹಾಕುವುದಾಗಿ ಆಪಲ್ ಹೇಳಿತು. ವಿರೋಧ ಜೋರಾಯಿತು. ಮಾರ್ಚ್ 1ರಂದು ಕಂಪೆನಿ ತನ್ನ ನಿರ್ಧಾರದಿಂದ ಹಿಂದೆ ಸರಿಯಿತು.